ಪಟ್ಟಿಯಲ್ಲಿಲ್ಲದವಳು

ಮೇ 23, 2024. ಗುರುವಾರ

ನಿನ್ನೆ ಲಂಡನ್ನಿನಲ್ಲಿ ಚುನಾವಣೆ ಘೋಷಣೆಯಾಯಿತು. ಜುಲೈ ನಾಲ್ಕಕ್ಕೆ ಮತದಾನ. ಬೆಳಿಗ್ಗೆ ಕಚೇರಿಯ ಬೀಗ ತೆಗೆಯಲು ಹೋದರೆ ಮೆಟ್ಟಿಲ ಮೇಲೆ ಆಗಲೇ ಮೂವರು ಕೂತಿದ್ದರು. ಮೂವರೂ ಎಪ್ಪತ್ತು ದಾಟಿದ ಇಂಗ್ಲಿಷರು, ಮೂವರ ಕೈಯಲ್ಲೂ ಪ್ಲಾಸ್ಟಿಕ್ ಕವರು, ಮೂವರದೂ ಒಂದೇ ಪ್ರಶ್ನೆ: ಇಲ್ಲಿಂದ ಅಂಚೆಯಲ್ಲಿ ಮತ ಹಾಕುವುದು ಹೇಗೆ?

ಇದು ಸ್ಪೇನಿನ ಕಾಗದಪತ್ರ ಮಾಡಿಕೊಡುವ ಕಚೇರಿ, ಬ್ರಿಟನ್ನಿನ ಚುನಾವಣೆ ನಮಗೆ ಸೇರಿದ್ದಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಸ್ಪೇನಿನ ಈ ಬೆನಿಮೂರ ಊರಿನಲ್ಲಿ ಬಾದಾಮಿ ಮರ ಬಿಟ್ಟರೆ ಹೆಚ್ಚಿರುವುದು ನಮ್ಮ ಇಂಗ್ಲೆಂಡಿನ ಪಿಂಚಣಿದಾರರೇ. ಅವರ ಕಾರಿನ ನೋಂದಣಿ, ಬಾವಿಯ ಪರವಾನಗಿ, ಆಸ್ಪತ್ರೆಯ ಚೀಟಿ ತುಂಬಿಕೊಡುವುದು ಹನ್ನೊಂದು ವರ್ಷದಿಂದ ನನ್ನ ಕಸುಬು. ಮೂವರಿಗೂ ಅರ್ಜಿ ಹಾಕಿಕೊಟ್ಟೆ. ಆಮೇಲೆ ನನ್ನದನ್ನೂ ಹಾಕಿಕೊಂಡೆ.

ಹೌದು, ನನಗೂ ಈಗ ಮತವಿದೆ. ಹದಿನೈದು ವರ್ಷ ಹೊರಗಿದ್ದವರಿಗೆ ಮತವಿಲ್ಲ ಎಂಬ ಕಾನೂನು ಈ ಜನವರಿಯಲ್ಲಿ ಹೋಯಿತು. ನಾನು ಊರು ಬಿಟ್ಟದ್ದು 2000ದಲ್ಲಿ. 2016ರಲ್ಲಿ, ಬ್ರಿಟನ್ ಯೂರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಜನರನ್ನು ಕೇಳಿದಾಗ, ಒಂದೇ ಒಂದು ವರ್ಷದಿಂದ ನನ್ನ ಮತ ತಪ್ಪಿತು. ಅಲ್ಲಿಂದ ಈಚೆಗೆ ಯಾರ ಮನೆಯ ಊಟಕ್ಕೆ ಹೋದರೂ ಆ ಮಾತು ಎತ್ತದೆ ಕೈ ತೊಳೆದಿಲ್ಲ. ‘ನನ್ನ ಮತ ಕಿತ್ತುಕೊಂಡರು’ ಎನ್ನುವಾಗ ನನ್ನ ದನಿ ಚೆನ್ನಾಗಿ ನಡುಗುತ್ತದೆ ಎಂದು ಕೇಳಿದವರು ಹೇಳಿದ್ದಾರೆ.

ಅರ್ಜಿಗೆ ಹಿಡಿದದ್ದು ಏಳು ನಿಮಿಷ. ಇಂಗ್ಲೆಂಡಿನಲ್ಲಿ ಕೊನೆಯದಾಗಿ ವಾಸವಿದ್ದ ವಿಳಾಸ: 14, ಕಾಬ್ಡನ್ ರೋ, ಥಾರ್ಲ್ಬಿ. ಅಲ್ಲಿದ್ದಾಗಲೇ 1997ರಲ್ಲಿ ಮತ ಹಾಕಿದ್ದೆ. ಹತ್ತೊಂಬತ್ತರ ಹುಡುಗಿ, ಶಾಲೆಯ ಸಭಾಂಗಣ, ಗುರುತು ಹಾಕಲು ದಾರ ಕಟ್ಟಿದ ಪೆನ್ಸಿಲು. ಅದೇ ಮೊದಲು, ಅದೇ ಕೊನೆ.

ಮೇ 24

ಎನ್ಕಾರ್ನಾ ಕಚೇರಿಯ ಒಡತಿ. ನನ್ನ ಗೆಳತಿಯೂ ಹೌದು. ಅದಕ್ಕೇ ಸಂಬಳ ಹೆಚ್ಚು ಮಾಡುವುದಿಲ್ಲ. ಕಾಫಿ ಕುಡಿಯುವಾಗ ಹಿಡಿದುಕೊಂಡಳು.

“ನಿಮ್ಮೂರಿಗೆ ಹೋಗಿ ಎಷ್ಟು ವರ್ಷ ಆಯ್ತೇ?”

“ಆರು.”

“ಅಲ್ಲಿ ಒಂದು ಬ್ರೆಡ್ಡಿಗೆ ಎಷ್ಟು?”

“ಗೊತ್ತಿಲ್ಲ.”

“ನಿನ್ನ ಕ್ಷೇತ್ರದಲ್ಲಿ ಈಗ ಗೆದ್ದಿರೋನು ಯಾರು?”

ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡೆ.

“ಹಂಗಾದ್ರೆ ಅಲ್ಲಿನ ಜನಕ್ಕೆ ಯಾರು ಬೇಕು ಅಂತ ನೀನು ಹೇಳೋದಾ? ನಮ್ಮತ್ತೆ ಸತ್ತು ಸ್ವರ್ಗದಲ್ಲಿ ಕೂತ್ಕೊಂಡು ನಾನು ಮೀನು ಹೆಂಗೆ ಕರೀಬೇಕು ಅಂತ ಹೇಳ್ದಂಗಾಯ್ತು.”

ಇದು ಹಕ್ಕಿನ ಪ್ರಶ್ನೆ ಎಂದೆ. ಹಕ್ಕು ಎನ್ನುವಾಗ ದನಿ ನಡುಗಿತು. ಮಧ್ಯಾಹ್ನ ಥಾರ್ಲ್ಬಿಯಲ್ಲಿ ಯಾರು ಗೆದ್ದಿದ್ದಾರೆ ಎಂದು ಗುಟ್ಟಾಗಿ ಹುಡುಕಿ ನೋಡಿದೆ. ಅದು ಅವನಲ್ಲ, ಅವಳು.

ಜೂನ್ 3

ಥಾರ್ಲ್ಬಿ ಪುರಸಭೆಯಿಂದ ಮಿಂಚಂಚೆ. ಬಹಳ ಮರ್ಯಾದೆಯಿಂದ ಬರೆದಿದ್ದಾರೆ. 14, ಕಾಬ್ಡನ್ ರೋ ವಿಳಾಸದಲ್ಲಿ ನಿಮ್ಮ ಹೆಸರು ಯಾವ ವರ್ಷದ ಮತದಾರರ ಪಟ್ಟಿಯಲ್ಲೂ ಸಿಗಲಿಲ್ಲ. ನೀವು ಅಲ್ಲಿ ವಾಸವಿದ್ದುದಕ್ಕೆ ದಾಖಲೆ ಕೊಡಿ. ದಾಖಲೆ ಇಲ್ಲದಿದ್ದರೆ, ಈಗ ಮತದಾರರಾಗಿರುವ ಒಬ್ಬರಿಂದ ಲಿಖಿತ ಸಾಕ್ಷಿ ತನ್ನಿ. ಆ ಸಾಕ್ಷಿ ನಿಮ್ಮ ಸಂಗಾತಿ, ತಂದೆತಾಯಿ, ಅಜ್ಜಅಜ್ಜಿ, ಒಡಹುಟ್ಟು, ಮಗು, ಮೊಮ್ಮಗು ಆಗಿರಕೂಡದು. ಕೊನೆಯ ದಿನ ಜೂನ್ 18.

ಇವತ್ತು ಒಂದೇ ದಿನ ಒಂಬತ್ತು ಮುದುಕರ ಅರ್ಜಿ ಸರಾಗವಾಗಿ ಒಪ್ಪಿಗೆಯಾಯಿತು. ಒಬ್ಬರಂತೂ ತಮ್ಮ ಬೀದಿಯ ಹೆಸರನ್ನೇ ಮರೆತಿದ್ದರು. ಊರಿಗೆಲ್ಲ ತುಂಬಿಕೊಡುವವಳ ಅರ್ಜಿ ಮಾತ್ರ ವಾಪಸು.

ಜೂನ್ 4

ಮೇ 23ರಂದು ಬರೆದದ್ದನ್ನು ಓದಿದೆ. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಬರೆಯುವವಳಿಗೆ ಏನೆನ್ನಬೇಕು?

1997ರಲ್ಲಿ ನಾನು ಮತ ಹಾಕಿಲ್ಲ. ಶಾಲೆಯ ಸಭಾಂಗಣಕ್ಕೆ ಹೋದದ್ದು ನಿಜ. ಮೇಜಿನ ಹಿಂದಿದ್ದ ಹೆಂಗಸು ಪಟ್ಟಿಯ ಮೇಲೆ ಅಡಿಕೋಲು ಇಟ್ಟು ಕೆಳಕೆಳಗೆ ಜಾರಿಸುತ್ತ ಹೋದಳು. 14ನೇ ನಂಬರಿನ ಮನೆಯಲ್ಲಿ ಎರಡೇ ಹೆಸರು: ಆಕ್‌ರಾಯ್ಡ್ ಗ್ಲೆನಿಸ್, ಆಕ್‌ರಾಯ್ಡ್ ಡಂಕನ್. “ನೀನಿಲ್ಲ ಪುಟ್ಟಿ” ಅಂದಳು. ಹಿಂದೆ ಸಾಲಿನಲ್ಲಿ ಜನ. ನಾನು ಅರ್ಜಿ ಹಾಕಬೇಕಿತ್ತೇನೋ, ನನಗೆ ತಿಳಿಯಲಿಲ್ಲವೇನೋ, ದೊಡ್ಡವರಿಗೆಲ್ಲ ತಿಳಿದಿರುವುದು ನನಗೊಬ್ಬಳಿಗೇ ತಿಳಿದಿಲ್ಲವೇನೋ ಎಂದು ಮುಖ ಕೆಂಪಾಗಿ ಹೊರಗೆ ಬಂದೆ. ಮುಂದೆ ನನ್ನ ಗಂಡನಾದ ಡಂಕನ್ ಮತ ಹಾಕಿ ಬಂದು “ಹಾಕಿದ್ಯಾ?” ಎಂದ. “ಹೂಂ” ಎಂದೆ. ಆ ‘ಹೂಂ’ಗೆ ಇಪ್ಪತ್ತೇಳು ವರ್ಷದಲ್ಲಿ ಪೆನ್ಸಿಲು, ದಾರ ಎಲ್ಲ ಬೆಳೆದುಕೊಂಡವು.

ಕಿತ್ತುಕೊಳ್ಳಲು ನನ್ನ ಹತ್ತಿರ ಮತವೇ ಇರಲಿಲ್ಲ.

ಜೂನ್ 5

ಮೂರು ರಟ್ಟಿನ ಪೆಟ್ಟಿಗೆ ಜಾಲಾಡಿದೆ. ಕಾಬ್ಡನ್ ರೋದ ಕಾಗದ ಒಂದೂ ಇಲ್ಲ. ಅಪ್ಪನ ಜೊತೆ ಜಗಳವಾಡಿ ಒಂದು ಚೀಲ ಹಿಡಿದು ಹದಿನೆಂಟಕ್ಕೆ ಡಂಕನ್ನನ ಅಮ್ಮನ ಮನೆ ಸೇರಿದವಳು. ಕರೆಂಟ್ ಬಿಲ್ಲು, ಮನೆ ತೆರಿಗೆ ಯಾವುದೂ ನನ್ನ ಹೆಸರಿನಲ್ಲಿ ಬರುತ್ತಿರಲಿಲ್ಲ. ಮೂರೂವರೆ ವರ್ಷ ಆ ಮನೆಯ ಹಿಂದಿನ ಕೋಣೆಯಲ್ಲಿದ್ದೆ ಎಂದು ಬಲ್ಲವರಲ್ಲಿ ಈಗ ನಾನು ಬಲ್ಲವರು ಇಬ್ಬರೇ. ಒಬ್ಬ ಡಂಕನ್. ಅವನು ಮೂರು ವರ್ಷದ ಹಿಂದೆ ನನ್ನನ್ನು ಬಿಟ್ಟು ನಾರ್ವೆಯವಳೊಬ್ಬಳ ಜೊತೆ ಯಾವುದೋ ದ್ವೀಪಕ್ಕೆ ಹೋದ. ಇಂಗ್ಲೆಂಡು ಬಿಟ್ಟ ಮೇಲೆ ಮತದಾರರ ಪಟ್ಟಿಯಿರಲಿ, ಗ್ರಂಥಾಲಯಕ್ಕೂ ಹೆಸರು ಕೊಟ್ಟವನಲ್ಲ.

ಇನ್ನೊಬ್ಬರು ಅವನಮ್ಮ ಗ್ಲೆನಿಸ್. ಅವರಿರುವುದು ಇಲ್ಲೇ, ಚರ್ಚಿನ ಹಿಂದಿನ ಏರಿನ ಮೇಲೆ, ನನ್ನ ಮನೆಯಿಂದ ನಾಲ್ಕು ನಿಮಿಷ. ಗಂಡ ತೀರಿಕೊಂಡ ಎಷ್ಟೋ ವರ್ಷದ ಮೇಲೆ, 2010ರಲ್ಲಿ, ನಮ್ಮ ಹಿಂದೆ ಬಂದವರು. ಸಂಗಾತಿ, ತಾಯಿ, ಅಜ್ಜಿ ಎಂದೆಲ್ಲ ಹೆಸರಿಸಿದ ಪುರಸಭೆ ಅತ್ತೆಯನ್ನು ಮರೆತಿದೆ. ಮಾಜಿ ಅತ್ತೆಯಂತೂ ಯಾರ ಲೆಕ್ಕಕ್ಕೂ ಇಲ್ಲ.

ನಾವು ಮಾತು ಬಿಟ್ಟು ಮೂರು ವರ್ಷ. ಡಂಕನ್ ಹೋದ ವಾರ ಬ್ರೆಡ್ಡಿನ ಅಂಗಡಿಯಲ್ಲಿ ಆರು ಜನರ ಮುಂದೆ ಅವರು ಹೇಳಿದ್ದು: “ಊರೋರ ಕಾಗದ ತುಂಬೋದ್ರಲ್ಲೇ ಮುಳುಗಿದ್ದೆ, ಗಂಡನ ಮುಖ ಯಾವಾಗ ನೋಡ್ದೆ?” ನಾನು ಹೇಳಿದ್ದು: “ನೀವು ಕೊಟ್ಟ ಮಾಲು, ವಾಪಸ್ ಹೋಗಿದೆ. ರಸೀದಿ ಬೇಕಾ?” ಆ ಮಾತಿಗೆ ಅಂದು ಹೆಮ್ಮೆಪಟ್ಟಿದ್ದೆ.

ಜೂನ್ 6

ವಾರದ ಸಂತೆ. ಟೊಮೇಟೊ ಅಂಗಡಿಯ ಮುಂದೆ ಗ್ಲೆನಿಸ್. ಹೋಗಿ ಮಾತಾಡಿಸಿಬಿಡಬೇಕು ಎಂದು ನಿಶ್ಚಯಿಸಿ ಎರಡು ಹೆಜ್ಜೆ ಇಟ್ಟು, ಕಲ್ಲಂಗಡಿ ರಾಶಿಯ ಹಿಂದೆ ಬಗ್ಗಿ ಕೂತೆ. ಅಂಗಡಿಯವನು “ಹಣ್ಣು ಒಳಗೆ ಚೆನ್ನಾಗಿದೆಯಾ ಅಂತ ಕೆಳಗಿಂದ ನೋಡ್ತಿದೀರಾ?” ಎಂದ. ಏಳು ಕಿಲೋದ ಹಣ್ಣು ತಂದೆ. ಒಬ್ಬಳೇ ಇರುವ ಮನೆಗೆ.

ಜೂನ್ 8, ಶನಿವಾರ

ಅರ್ಧ ಕಲ್ಲಂಗಡಿ ಹೊತ್ತುಕೊಂಡು ಹೋದೆ. ಬರಿಗೈಲಿ ಹೋಗುವುದಕ್ಕಿಂತ ವಾಸಿ ಎನ್ನಿಸಿತ್ತು. ಬಾಗಿಲು ತೆರೆದಾಗ ಗುರಾಣಿ ಹಿಡಿದು ಯುದ್ಧಕ್ಕೆ ಬಂದವಳ ಹಾಗಿದ್ದೆ.

ಗ್ಲೆನಿಸ್ ಹಣ್ಣನ್ನು ನೋಡಿದರು, ನನ್ನನ್ನು ನೋಡಿದರು. “ಯಾರು ಸತ್ರು?”

“ಯಾರೂ ಇಲ್ಲ.”

“ಡಂಕನ್?”

“ಚೆನ್ನಾಗಿರ್ಬೇಕು. ನನಗೊಂದು ಸಹಿ ಬೇಕಿತ್ತು.”

“ಮೂರು ವರ್ಷ ಆದ್ಮೇಲೆ ಸಹಿ ಬೇಕು ಅಂತ ಬಂದ್ಳು. ಬಾ ಒಳಗೆ, ನೊಣ ಬರುತ್ತೆ.”

ಅದೇ ಅಡುಗೆಮನೆ. ಇಂಗ್ಲೆಂಡಿನಿಂದ ತರಿಸಿದ ಅದೇ ಕಡು ಚಹಾ, ಮೂವತ್ತೈದು ಡಿಗ್ರಿ ಬಿಸಿಲಿನಲ್ಲಿ. ನಾನು ವಿಷಯ ಹೇಳಿದೆ. ಪುರಸಭೆಯ ಪತ್ರ ತೋರಿಸಿದೆ. ಯಾವ ವರ್ಷದ ಪಟ್ಟಿಯಲ್ಲೂ ಹೆಸರಿಲ್ಲ ಎಂಬ ಸಾಲನ್ನು ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಎದ್ದು, ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆಯತೊಡಗಿದರು.

“ಅದು ಸರಿಯಾಗೇ ಇದೆ,” ಅಂದರು, ಬೆನ್ನು ತಿರುಗಿಸಿಕೊಂಡೇ. “ಇರಲ್ಲ. ನಾನು ಬರೀಲಿಲ್ಲ.”

“ಏನು ಬರೀಲಿಲ್ಲ?”

“ಪ್ರತಿ ಅಕ್ಟೋಬರ್‌ನಲ್ಲಿ ಮನೆಗೆ ಫಾರ್ಮ್ ಬರ್ತಿತ್ತಲ್ಲ. ಮನೇಲಿ ಯಾರ್ಯಾರಿದಾರೆ ಅಂತ ಮನೆ ಯಜಮಾನ ಬರೆದು ಕಳಿಸ್ಬೇಕು. ನಾನು ನಮ್ಮಿಬ್ಬರದ್ದು ಮಾತ್ರ ಬರೆದೆ.”

“ನಾಲ್ಕು ಅಕ್ಟೋಬರೂ?”

“ಆ ಪಟ್ಟೀನ ಗ್ರಂಥಾಲಯದ ಮೇಜಿನ ಮೇಲೆ ಇಡ್ತಿದ್ರು ಕಣೇ, ಯಾರು ಬೇಕಾದ್ರೂ ಓದ್ಬೋದಿತ್ತು. ಪಕ್ಕದ್ಮನೆ ಹೆಪ್‌ವರ್ತ್ ಅದನ್ನ ಪೇಪರ್ ಓದ್ದಂಗೆ ಓದ್ತಿದ್ಲು. ನಾನು ಚರ್ಚಿನಲ್ಲಿ ಹಾಡೋಳು. ಒಂದೇ ಮನೇಲಿ ಮಗನ ಹೆಸರು, ಕೆಳಗೆ ಬೇರೆ ಮನೆತನದ ಹುಡುಗಿ ಹೆಸರು, ಮದುವೆ ಇಲ್ಲ. ನಿನ್ನನ್ನ ಬಾಡಿಗೆಯವಳು ಅಂತ ಹೇಳಿದ್ದೆ ಎಲ್ಲರಿಗೂ.”

“ನಾನು ಮತ ಹಾಕೋಕೆ ಹೋಗಿದ್ದೆ.”

“ಗೊತ್ತು. ಹಾಕಿ ಬಂದೆ ಅಂತ ನೀನು ಹೇಳ್ದೆ. ನಾನು ಏನಂತ ಕೇಳ್ಲಿ? ಹೆಂಗೆ ಹಾಕ್ದೆ ಅಂತ ಕೇಳಿದ್ರೆ ನಂದೂ ಹೊರಗೆ ಬರ್ತಿತ್ತಲ್ಲ.”

ಹಾಗಾದರೆ ಇಪ್ಪತ್ತೇಳು ವರ್ಷ ನನ್ನ ಸುಳ್ಳು ಅವರಿಗೆ ತಿಳಿದಿತ್ತು. 2016ರ ಒಂದು ಭಾನುವಾರದ ಊಟದಲ್ಲಿ, ಯೂರೋಪ್ ಬಿಡೋಣ ಎಂದು ಸ್ಪೇನಿನಲ್ಲಿ ಕೂತು ಮತ ಹಾಕಿದ ಇವರ ಮುಂದೆ ನಾನು ಪೆನ್ಸಿಲು, ದಾರ ಎಂದೆಲ್ಲ ಭಾಷಣ ಮಾಡುವಾಗ, ಇವರು ಸುಮ್ಮನೆ ಆಲೂಗಡ್ಡೆಯ ತಟ್ಟೆ ದಾಟಿಸಿದ್ದರು.

ಏನಾದರೂ ಘನವಾದದ್ದು ಹೇಳಬೇಕಿತ್ತು. “ಕಲ್ಲಂಗಡಿ ಫ್ರಿಜ್ಜಲ್ಲಿಡಿ” ಎಂದು ಹೇಳಿ ಎದ್ದು ಬಂದೆ. ಸಹಿ ಕೇಳುವುದೇ ಮರೆತುಹೋಯಿತು.

ಜೂನ್ 9

ಇವತ್ತು ಇಲ್ಲಿ ಯೂರೋಪಿನ ಸಂಸತ್ತಿಗೆ ಮತದಾನ. ಊರಿಗೆ ಊರೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶಾಲೆಗೆ ಹೋಗಿಬಂತು. ಬ್ರಿಟನ್ ಯೂರೋಪ್ ಬಿಟ್ಟ ಮೇಲೆ ನಮ್ಮವರಿಗೆ ಇದರಲ್ಲಿ ಮತವಿಲ್ಲ. ಬಾರಿನ ಹೊರಗೆ ಕೂತು ಎಲ್ಲರಿಗೂ ಕೈ ಬೀಸಿದೆ. ಇಲ್ಲಿಯ ಪಟ್ಟಿಯಲ್ಲಿಲ್ಲ, ಅಲ್ಲಿಯ ಪಟ್ಟಿಯಲ್ಲಿಲ್ಲ.

ಗ್ಲೆನಿಸ್ ಮೇಲೆ ಸಿಟ್ಟು. ಆದರೆ ಸಿಟ್ಟು ಬರುವುದು ಯಾವುದಕ್ಕೆಂದು ಕೇಳಿಕೊಂಡರೆ ಉತ್ತರ ಸರಿಯಾಗಿ ಬರುತ್ತಿಲ್ಲ. ಹೆಸರು ಬಿಟ್ಟದ್ದಕ್ಕೋ, ಬಾಡಿಗೆಯವಳು ಎಂದದ್ದಕ್ಕೋ? ನಾನು ಬಾಡಿಗೆ ಕೊಟ್ಟೇ ಇರಲಿಲ್ಲ.

ಜೂನ್ 11

ಕಚೇರಿ ತುಂಬ ಜನ. ಗ್ಲೆನಿಸ್ ಬಂದರು. ಮೂರು ವರ್ಷದಿಂದ ಈ ಬೀದಿಯಲ್ಲೇ ನಡೆಯದವರು. ಸರದಿಯಲ್ಲಿ ನಲವತ್ತು ನಿಮಿಷ ಕೂತು, ನಂಬರು ಕರೆದಾಗ ಎದ್ದು ಬಂದು, ಗೆರೆ ಹಾಕಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟರು.

‘ಗ್ಲೆನಿಸ್ ಆಕ್‌ರಾಯ್ಡ್ ಆದ ನಾನು ದೃಢಪಡಿಸುವುದೇನೆಂದರೆ, ರೊವೀನಾ ಟಟಲ್ ಎಂಬಾಕೆ 1996ರ ಸೆಪ್ಟೆಂಬರಿನಿಂದ 2000ದ ಮಾರ್ಚಿನವರೆಗೆ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ವಾಸವಿದ್ದಳು. ಬಿಸಿನೀರನ್ನೆಲ್ಲ ಖಾಲಿ ಮಾಡುತ್ತಿದ್ದಳು. ಪಟ್ಟಿಯಲ್ಲಿ ಅವಳ ಹೆಸರು ಇಲ್ಲದಿರುವುದು ನನ್ನ ತಪ್ಪು, ಅವಳದಲ್ಲ. ಅವಳು ನನಗೆ ಯಾವ ರೀತಿಯಲ್ಲೂ ಸಂಬಂಧಿಯಲ್ಲ.’

ಕೊನೆಯ ಸಾಲಿಗೆ ಎರಡು ಅಡಿಗೆರೆ.

“ಬಿಸಿನೀರಿನ ವಿಷಯ ಬೇಕಾ?” ಎಂದೆ.

“ಸಾಕ್ಷಿ ಅಂದ್ಮೇಲೆ ವಿವರ ಬೇಡ್ವಾ? ನಾಳೆ ಅವ್ರು ಕೇಳಿದ್ರೆ?”

ಎನ್ಕಾರ್ನಾಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಕುರ್ಚಿ ಎಳೆದು ಹತ್ತಿರ ಕೂತಿದ್ದಳು. “ಏನಂತೆ?”

“ನಾನು ಬದುಕಿದ್ದೆ ಅಂತ ಬರೆದುಕೊಟ್ಟಿದಾರೆ.”

“ಆಮೇಲೆ?”

“ಸಂಬಂಧ ಇಲ್ಲ ಅಂತಾನೂ.”

ಹಾಳೆಯನ್ನು ಇದ್ದ ಹಾಗೇ ಪುರಸಭೆಗೆ ಕಳಿಸಿದೆ. ಬಿಸಿನೀರೂ ಸೇರಿ.

ಜೂನ್ 14

ಒಪ್ಪಿಗೆಯಾಯಿತು! ಮತದಾರಳಾದೆ. ಅಂಚೆ ಮತಕ್ಕೂ ಅರ್ಜಿ ಹಾಕಿ, ಸಹಿಯ ಫೋಟೊ ಕಳಿಸಿದೆ. ವಿಷಯ ತಿಳಿಸುವುದು ಸೌಜನ್ಯವೆಂದು ಏರು ಹತ್ತಿ ಗ್ಲೆನಿಸ್‌ಗೆ ಹೇಳಿಬಂದೆ. ಫೋನಿನಲ್ಲೂ ಹೇಳಬಹುದಿತ್ತು ಎಂದು ಇಳಿಯುವಾಗ ಹೊಳೆಯಿತು.

ಜೂನ್ 18

ಮತಪತ್ರ ಯಾವಾಗ ಬರಬಹುದು ಎಂದು ಕೇಳಲು ಗ್ಲೆನಿಸ್ ಮನೆಗೆ ಹೋದೆ. ಅವರಿಗೆ ಇದರ ಅನುಭವ ಹೆಚ್ಚು. ಗ್ಯಾಸ್ ಸಿಲಿಂಡರ್ ಬದಲಿಸಬೇಕಿತ್ತು, ಬದಲಿಸಿದೆ.

ಜೂನ್ 21

ಬಿಸಿಲು. ಗ್ಲೆನಿಸ್ ಮನೆಯ ನಲ್ಲಿ ಸೋರುತ್ತದೆ ಎಂದು ಮೊನ್ನೆ ಗಮನಿಸಿದ್ದೆ. ಹೋದೆ. ಚುನಾವಣೆಯ ಬಗ್ಗೆ ಮಾತಾಡಲಿಲ್ಲ, ಮಾತಾಡಿದರೆ ಜಗಳ. ಅವರು ಯಾರಿಗೆ ಹಾಕುತ್ತಾರೆಂದು ನನಗೆ ಗೊತ್ತು, ನಾನು ಯಾರಿಗೆಂದು ಅವರಿಗೆ ಗೊತ್ತು. ನಾರ್ವೆಯವಳ ಬಗ್ಗೆ ಮಾತಾಡಿದೆವು. ಅವಳು ಡಂಕನ್ನನನ್ನು ದಿನಾ ಬೆಳಿಗ್ಗೆ ಸಮುದ್ರದ ತಣ್ಣೀರಿನಲ್ಲಿ ಈಜಿಸುತ್ತಾಳಂತೆ. “ಪಾಪ” ಅಂದರು ಗ್ಲೆನಿಸ್. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಜೂನ್ 26

ಊರಿನಲ್ಲೆಲ್ಲ ಮತಪತ್ರದ ಲಕೋಟೆಗಳು ಬರುತ್ತಿವೆ. ಗ್ಲೆನಿಸ್‌ರದೂ ಬಂತು. ಕಚೇರಿಯ ಗೋಡೆಗೆ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ: ‘ಮತಪತ್ರದ ಜೊತೆ ಬರುವ ಹೇಳಿಕೆ ಪತ್ರದಲ್ಲಿ ನಿಮ್ಮ ಹುಟ್ಟಿದ ದಿನಾಂಕ ಬರೆಯಿರಿ. ಇವತ್ತಿನ ದಿನಾಂಕ ಅಲ್ಲ!’ ಸಹಿ ಮಾಡಿದ ಕೈ ತಾನಾಗಿ ಅಂದಿನ ತಾರೀಖು ಬರೆಯುತ್ತದೆ, ಮತ ಹಾಳಾಗುತ್ತದೆ. ಪ್ರತಿ ಸಲ ಅರ್ಧ ಡಜನ್ ಜನ ಹೀಗೆ ಮಾಡುತ್ತಾರೆ. ಇಷ್ಟು ಸುಲಭದ್ದನ್ನು ಹೇಗೆ ತಪ್ಪುತ್ತಾರೋ.

ನನ್ನದು ಬಂದಿಲ್ಲ.

ಜೂನ್ 28

ಬಂದಿಲ್ಲ.

ಜುಲೈ 1

ಅಂಚೆಯ ರೆಮೆ ನನ್ನನ್ನು ದೂರದಿಂದ ಕಂಡರೆ ಸ್ಕೂಟರ್ ತಿರುಗಿಸುತ್ತಾಳೆ. ಇವತ್ತು ಮೂಲೆಯಲ್ಲಿ ಹಿಡಿದೆ.

“ನಾನು ಬರೆಯೋಳಲ್ಲಮ್ಮ, ಹಂಚೋಳು,” ಅಂದಳು. “ಪ್ರೇಮಪತ್ರಕ್ಕೂ ಯಾರೂ ನನ್ನನ್ನ ಹಿಂಗೆ ಕಾದಿರ್ಲಿಲ್ಲ.”

ಇವತ್ತು ಬಂದರೂ ಅಂಚೆಯಲ್ಲಿ ನಾಲ್ಕನೇ ತಾರೀಖಿನೊಳಗೆ ತಲುಪುವುದಿಲ್ಲ. ಗ್ಲೆನಿಸ್‌ಗೆ ಹೇಳಿದೆ. ಅವರು ನಾಡಿದ್ದು ಅಕ್ಕನ ಎಂಬತ್ತನೇ ಹುಟ್ಟುಹಬ್ಬಕ್ಕೆ ಥಾರ್ಲ್ಬಿಗೆ ಹೋಗುವವರು, ಬಟ್ಟೆ ಮಡಚುತ್ತಿದ್ದರು. ಇನ್ನೊಂದು ಸ್ವೆಟರ್ ಮಡಚಿ ಪೆಟ್ಟಿಗೆಗೆ ಇಟ್ಟರು. ಅವರಿಂದ ನಾನೂ ಏನನ್ನೂ ನಿರೀಕ್ಷಿಸಿರಲಿಲ್ಲ. ಆದರೂ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.

ಜುಲೈ 2, ಮಂಗಳವಾರ

ಹನ್ನೊಂದು ಗಂಟೆಗೆ ರೆಮೆ ಕಚೇರಿಯ ಬಾಗಿಲಲ್ಲೇ ಸ್ಕೂಟರ್ ನಿಲ್ಲಿಸಿ ಹಾರನ್ ಬಾರಿಸಿದಳು. ಲಕೋಟೆ.

ಹಿಡಿದುಕೊಂಡು ಸೀದಾ ಏರು ಹತ್ತಿದೆ. ಯಾಕೆ ಹತ್ತಿದೆ? ಕಚೇರಿಯಲ್ಲಿ ಮೇಜಿತ್ತು, ಪೆನ್ನಿತ್ತು. ಗ್ಲೆನಿಸ್ ಅಡುಗೆಮನೆಯ ಮೇಜು ಒರೆಸಿ ಜಾಗ ಮಾಡಿ, ಮರ್ಯಾದೆಯಾಗಿ ಹಿತ್ತಲಿಗೆ ಹೋದರು. ಮತಪತ್ರ ಬಿಡಿಸಿದೆ. ಬರೀ ಒಂದು ಕಾಗದ, ಆರು ಹೆಸರು, ಆರು ಚೌಕ. ಗುರುತು ಹಾಕಿದೆ. ನಡುಗುವ ದನಿ ಕೇಳಲು ಈ ಸಲ ಯಾರೂ ಇರಲಿಲ್ಲ. ಚಿಕ್ಕ ಲಕೋಟೆಗೆ ಹಾಕಿ ಅಂಟಿಸಿದೆ. ಹೇಳಿಕೆ ಪತ್ರಕ್ಕೆ ಸಹಿ ಮಾಡಿದೆ. ಪಕ್ಕದ ಚೌಕದಲ್ಲಿ ಬರೆದೆ: 02-07-2024.

“ಅಯ್ಯೋ!” ಎಂದು ನಾನು ಕೂಗಿದ್ದಕ್ಕೆ ಗ್ಲೆನಿಸ್ ಓಡಿ ಬಂದರು. ಕನ್ನಡಕ ಹಾಕಿಕೊಂಡು ನೋಡಿದರು. ಕುರ್ಚಿ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು.

“ಊರಿಗೆಲ್ಲ ಬುದ್ಧಿ ಹೇಳೋಳು! ಇವತ್ತು ಹುಟ್ಟಿದ ಕೂಸು ಇವತ್ತೇ ಓಟು ಹಾಕ್ತಿದೆ ನೋಡ್ರಪ್ಪ!”

“ನಗಬೇಡಿ. ಹೋಯ್ತು. ಎಲ್ಲ ಹೋಯ್ತು.”

“ಎಲ್ಲಿ ಹೋಯ್ತು? ಹೊಡೆದು ಹಾಕಿ ಪಕ್ಕದಲ್ಲಿ ಸರಿಯಾಗಿ ಬರಿ. ಚಿಕ್ಕ ಸಹಿ ಹಾಕು. ಅವ್ರೂ ಮನುಷ್ಯರೇ. ಅಳಬೇಡ್ವೇ, ಕಾಗದ ನೆನೆಯುತ್ತೆ.”

ನಾನು ಅಳುತ್ತಿರಲಿಲ್ಲ. ಬೆವರು.

ತಿದ್ದಿದೆ. ಇನ್ನು ಕಳಿಸುವುದು ಹೇಗೆ ಎಂದು ನೋಡುತ್ತಿರುವಾಗ ಗ್ಲೆನಿಸ್ ಕೈ ಚಾಚಿದರು.

“ಕೊಡಿಲ್ಲಿ. ನಂದೂ ನಾನೇ ಒಯ್ಯೋದು, ಅಂಚೆಗೆ ಹಾಕಿಲ್ಲ. ಗುರುವಾರ ಬೂತಲ್ಲಿ ಎರಡೂ ಕೊಟ್ಟು ಬರ್ತೀನಿ.”

“ನಾನು ಯಾರಿಗೆ ಹಾಕಿದೀನಿ ಅಂತ ನಿಮಗೆ ಗೊತ್ತಲ್ವಾ?”

“ಕುರುಡಿಗೂ ಗೊತ್ತು. ನನ್ನ ಓಟನ್ನ ಹೊಡೆಯೋಕೆ ನಿನ್ನ ಓಟನ್ನ ನಾನೇ ಹೊತ್ಕೊಂಡು ಹೋಗ್ಬೇಕು. ಎಂಥಾ ಬಾಳು.”

ಕೊಟ್ಟೆ. ಕೊಡುವ ಮುಂಚೆ, ಅವರು ಚೀಲ ತರಲು ಒಳಗೆ ಹೋದಾಗ, ಬಿಚ್ಚಿದರೆ ತಿಳಿಯಲಿ ಎಂದು ಲಕೋಟೆಯ ಅಂಟಿನ ಫೋಟೊ ತೆಗೆದುಕೊಂಡೆ. ಇದನ್ನು ಬರೆಯಬಾರದಿತ್ತು. ಆದರೆ ಇನ್ನು ಸುಳ್ಳು ಬರೆಯುವುದಿಲ್ಲ ಎಂದುಕೊಂಡಿದ್ದೇನೆ.

ಜುಲೈ 3

ಗ್ಲೆನಿಸ್‌ರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದೆ. ದಾರಿಯುದ್ದಕ್ಕೂ ನನ್ನ ಗೇರ್ ಹಾಕುವ ರೀತಿಯನ್ನು ತಿದ್ದಿದರು. ಲಕೋಟೆಗಳೆರಡೂ ಅವರ ಕೈಚೀಲದಲ್ಲಿ, ಮಾತ್ರೆ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದವು. ಕಸದ ಬುಟ್ಟಿಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಒಮ್ಮೆ ನನ್ನನ್ನು ಬಿಟ್ಟು ಎರಡೇ ಹೆಸರು ಬರೆದವರು. ಮನೆಗೆ ಬಂದು ಫೋಟೊ ನೋಡಿದೆ: ಲಕೋಟೆಯ ಬದಲು ನನ್ನ ಹೆಬ್ಬೆರಳು ಬಿದ್ದಿದೆ. ಅಳಿಸಿದೆ.

ಜುಲೈ 4

ಹತ್ತೂವರೆಗೆ ಫೋನು ಬಂತು. ಹಿಂದೆ ಗಾಳಿಯ ಸದ್ದು.

“ಕೊಟ್ಟಾಯ್ತು. ಮಳೆ ಇಲ್ಲಿ. ಅದೇ ಶಾಲೆ ಕಣೇ, ನೆಲ ಮಾತ್ರ ಹೊಸದು. ಬೇರೆಯವ್ರದ್ದು ತಂದ್ರೆ ಈಗ ಫಾರ್ಮ್ ತುಂಬಬೇಕಂತೆ. ಯಾಕೆ ನೀವು ತಂದ್ರಿ ಅಂತ ಕೇಳಿದಾರೆ.”

“ಏನಂತ ಬರೆದ್ರಿ?”

“ಪರಿಚಯದವಳು, ಟಪಾಲು ತಡವಾಯ್ತು ಅಂತ.”

ಥ್ಯಾಂಕ್ಸ್ ಎಂದೆ. ಫೋನಿಟ್ಟು ಕೆಲಸಕ್ಕೆ ಕೂತೆ. ನಲವತ್ತಾರನೆಯ ವಯಸ್ಸಿನಲ್ಲಿ ಮೊದಲ ಮತ, ಕುಣಿಯಬೇಕಾದ ದಿನ. ಬಾವಿ ಪರವಾನಗಿಯೊಂದನ್ನು ಮೂರು ಸಲ ತಪ್ಪು ತುಂಬಿದೆ. ಪರಿಚಯದವಳು! ಇಪ್ಪತ್ತೆಂಟು ವರ್ಷದ ಪರಿಚಯ. ಇನ್ನೇನು ಬರೆಯಬೇಕಿತ್ತು ಎಂದು ಕೇಳಿಕೊಂಡರೆ ಫಾರ್ಮಿಗೆ ಸರಿಹೊಂದುವ ಪದ ನನಗೂ ಸಿಗಲಿಲ್ಲ. ನನ್ನ ಕಸುಬೇ ಅದು.

ಜುಲೈ 5

ಥಾರ್ಲ್ಬಿಯಲ್ಲಿ ನನ್ನ ಪಕ್ಷದವರು ಗೆದ್ದರು, 5,812 ಮತಗಳ ಅಂತರದಿಂದ. ನಾನು ಹಾಕದಿದ್ದರೂ 5,811 ಇರುತ್ತಿತ್ತು. ಎನ್ಕಾರ್ನಾ ಕೇಕ್ ತಂದಿದ್ದಳು: “ಸ್ವರ್ಗದಿಂದ ಮೀನು ಕರಿದ ಅತ್ತೆಗೆ.”

ಗ್ಲೆನಿಸ್ ಫೋನ್ ಮಾಡಿ ಅರ್ಧ ಗಂಟೆ ದೇಶದ ಗತಿಯ ಬಗ್ಗೆ ಬೈದರು. ಅವರು ಬರುವುದು ಹದಿನೈದಕ್ಕೆ. ಗಿಡಗಳಿಗೆ ನೀರು ಹಾಕಲು ಯಾರೂ ಹೇಳಿರಲಿಲ್ಲ. ಹೇಗೂ ಆ ಕಡೆ ಹೋಗುವುದಿದೆ.

ಆಗಸ್ಟ್ 12

ದಿನಾಂಕ ತಪ್ಪಿದವರ, ಸಹಿ ಹೊಂದದವರ ಮತ ತಿರಸ್ಕಾರವಾದರೆ ಪುರಸಭೆ ಕಾಗದ ಬರೆಯುತ್ತದೆ. ಊರಿನಲ್ಲಿ ನಾಲ್ವರಿಗೆ ಬಂದಿದೆ. ನನಗೆ ಇವತ್ತಿನವರೆಗೆ ಬಂದಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ರೆಮೆ ಬರಿಗೈಲಿ ಹೋದದ್ದಕ್ಕೆ ಖುಷಿಪಟ್ಟೆ.

ಆಗಸ್ಟ್ 20

ಕಚೇರಿಗೆ ಗ್ಲೆನಿಸ್ ಬಂದರು. ಸರದಿಯಲ್ಲಿ ಕೂರಲಿಲ್ಲ, ಸೀದಾ ಬಂದು ನನ್ನ ಮುಂದೆ ಕಾಗದ ಹಾಕಿದರು. ಪಿಂಚಣಿ ಇಲಾಖೆಯ ಜೀವಿತ ಪ್ರಮಾಣಪತ್ರ. ಇಂಥದಕ್ಕೆ ವರ್ಷಕ್ಕೆ ಐವತ್ತು ಸಹಿ ಹಾಕುತ್ತೇನೆ.

“ಬೇಗ ಹಾಕು. ನಾನು ಬದುಕಿದೀನಿ ಅಂತ.”

ಪೆನ್ನು ತೆಗೆದೆ. ಅಭ್ಯಾಸದಂತೆ ಕೆಳಗಿನ ಸೂಚನೆ ಓದಿದೆ: ಸಾಕ್ಷಿ ಹಾಕುವವರು ಪಿಂಚಣಿದಾರರಿಗೆ ಹುಟ್ಟಿನಿಂದಾಗಲಿ ಮದುವೆಯಿಂದಾಗಲಿ ಸಂಬಂಧಿಯಾಗಿರಬಾರದು. ಪೆನ್ನು ಕೆಳಗಿಟ್ಟೆ.

“ಆಗಲ್ಲ.”

“ಯಾಕೆ? ಸತ್ತಂಗೆ ಕಾಣ್ತೀನಾ?”

“ಸಂಬಂಧಿಕರು ಹಾಕಂಗಿಲ್ಲ. ಇಲ್ಲಿದೆ ನೋಡಿ.”

ಕನ್ನಡಕ ಹಾಕಿಕೊಂಡು ಓದಿದರು. “ಆ ಮದುವೆ ಮುರಿದು ಮೂರು ವರ್ಷ ಆಯ್ತಲ್ಲೇ. ಕಾಗದ ತುಂಬಿದೋಳು ನೀನೇ.”

“ಅದು ಡಂಕನ್ ಜೊತೆ. ಇದರಲ್ಲಿ ಡಂಕನ್ ವಿಷಯ ಕೇಳಿಲ್ಲ.”

ಎನ್ಕಾರ್ನಾ ಟೈಪು ಮಾಡುವುದನ್ನು ನಿಲ್ಲಿಸಿದಳು. ಗ್ಲೆನಿಸ್ ಕನ್ನಡಕ ತೆಗೆದು, ಅಂಗಿಯ ಅಂಚಿಗೆ ಒರೆಸಿ, ಮತ್ತೆ ಹಾಕಿಕೊಂಡು, ಅದೇ ಸಾಲನ್ನು ಇನ್ನೊಮ್ಮೆ ಓದಿದರು.

“ಮತ್ತೆ ಈ ಬಿಸಿಲಲ್ಲಿ ನಾನು ಯಾರನ್ನ ಹುಡುಕ್ಕೊಂಡು ಹೋಗ್ಲಿ?”

“ಔಷಧಿ ಅಂಗಡಿಯವನು ಹಾಕ್ತಾನೆ. ಎರಡಕ್ಕೆ ಬಾಗಿಲು ಹಾಕ್ತಾನೆ, ನಡೀರಿ.”

ನಿಯಮ ನಿಯಮವೇ, ಬೇರೆ ಯಾರೇ ಆಗಿದ್ದರೂ ಇದನ್ನೇ ಹೇಳುತ್ತಿದ್ದೆ. ಕಚೇರಿ ಬಿಟ್ಟು ಜೊತೆಗೆ ಹೋದೆ, ಅವರಿಗೆ ಸ್ಪ್ಯಾನಿಷ್ ಸಾಲದು. ಇಬ್ಬರಿಗೂ ಒಂದೇ ಛತ್ರಿ, ಅದರ ಕೆಳಗೆ ದಾರಿಯುದ್ದಕ್ಕೂ ನನ್ನ ಹಟ, ನನ್ನ ಕಚೇರಿ, ನನ್ನ ಚಪ್ಪಲಿ ಎಲ್ಲದರ ಬಗ್ಗೆ ಹೇಳುವುದನ್ನೆಲ್ಲ ಹೇಳಿದರು. ಔಷಧಿ ಅಂಗಡಿಯವನು ಕಾಗದ ಓದಿ, ಅವರನ್ನು ಮೇಲಿಂದ ಕೆಳಗೆ ನೋಡಿ, ತಮಾಷೆಗೆ ನನ್ನನ್ನು ಕೇಳಿದ: “ಬದುಕಿದ್ದಾರೆ ಅನ್ನೋದು ಖಾತ್ರಿಯಾ?”

“ಕಚೇರಿಯಿಂದ ಇಲ್ಲಿವರೆಗೂ ಬೈದಿದಾರೆ, ಸಹಿ ಹಾಕಪ್ಪ,” ಎಂದೆ.